ಹಳೆಯ ಜೀಪು ಅಪರಾಧಿಯಲ್ಲ. ಅದು ತುಳಿಯುವ ನೆಲ ಯಾವುದು?

ಮಲೆನಾಡಿನ ಯಾವ ಪೇಟೆಗೆ ಹೋದರೂ ಗ್ಯಾರೇಜಿನ ಹಿತ್ತಿಲಿನಲ್ಲಿ ತುಕ್ಕು ಹಿಡಿದ ಒಂದೆರಡು ಜೀಪುಗಳು ಕಾಣಸಿಗುತ್ತವೆ. ಒಂದು ಕಾಲದಲ್ಲಿ ಅಡಿಕೆ ಮೂಟೆಯನ್ನೂ ಗರ್ಭಿಣಿಯನ್ನೂ ಮದುವೆಯ ದಿಬ್ಬಣವನ್ನೂ ಒಂದೇ ನಿಷ್ಠೆಯಿಂದ ಹೊತ್ತ ವಾಹನಗಳಿವು. ಇಂದು ಇವುಗಳಿಗೆ ಮರುಜನ್ಮ ದೊರೆಯುತ್ತಿದೆ. ರೈತನೊಬ್ಬ ಇಂಜಿನು ಬಿಚ್ಚಿಸಿ, ಪಿಸ್ಟನ್ ರಿಂಗು ಬದಲಿಸಿ, ತೋಟದಿಂದ ಮುಖ್ಯರಸ್ತೆಗೆ ಓಡಾಡಲು ಅಣಿಗೊಳಿಸುತ್ತಾನೆ. ಅದೇ ಗ್ಯಾರೇಜಿನಲ್ಲಿ ಪಟ್ಟಣದ ಯುವಕನೊಬ್ಬ ಅಂತಹುದೇ ಜೀಪಿಗೆ ಅಗಲವಾದ ಟೈರು, ಎತ್ತರಿಸಿದ ಸ್ಪ್ರಿಂಗು, ಮುಂಭಾಗಕ್ಕೆ ವಿಂಚು ಜೋಡಿಸಿ, ಶನಿವಾರ ಬೆಟ್ಟದ ಹುಲ್ಲುಗಾವಲಿಗೆ ನುಗ್ಗುತ್ತಾನೆ. ಮೊದಲನೆಯವನನ್ನು ಕಾನೂನು ಅನುಮಾನದಿಂದ ನೋಡುತ್ತದೆ. ಎರಡನೆಯವನನ್ನು ಸಮಾಜ ಸಾಹಸಿಯೆಂದು ಹೊಗಳುತ್ತದೆ. ಈ ವಿಪರ್ಯಾಸವನ್ನು ಪ್ರಶ್ನಿಸಲೇಬೇಕಾಗಿದೆ.

ಮೊದಲು ದುರಸ್ತಿಯ ಮಾತು. ಹೊಸ ವಾಹನ ಕಾರ್ಖಾನೆಯಲ್ಲಿ ಹುಟ್ಟುವುದಿಲ್ಲ, ಬೆಟ್ಟದಲ್ಲಿ ಹುಟ್ಟುತ್ತದೆ. ಕುದುರೆಮುಖದ ಬೆಟ್ಟವನ್ನು ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದ್ದನ್ನು ಈ ಸೀಮೆಯ ಜನ ಮರೆತಿಲ್ಲ. ಆ ಗಣಿ ನಿಂತದ್ದು 2005ರ ಕೊನೆಗೆ, ಅದೂ ಸುಪ್ರೀಂ ಕೋರ್ಟಿನ ಆದೇಶದಿಂದ. ಬಳ್ಳಾರಿಯ ಬೆಟ್ಟಗಳಿಗೆ ಅದೇ ನ್ಯಾಯಾಲಯ 2011ರಲ್ಲಿ ತಡೆ ಹಾಕುವ ಹೊತ್ತಿಗೆ ಆಗಬೇಕಾದ ಅನಾಹುತ ಆಗಿಹೋಗಿತ್ತು. ಹೀಗಿರುವಾಗ, ಇರುವ ಉಕ್ಕನ್ನೇ ಇನ್ನೊಂದು ದಶಕ ದುಡಿಸಿಕೊಳ್ಳುವ ಮೆಕ್ಯಾನಿಕನು ಬೆಟ್ಟದ ಮಿತ್ರನಲ್ಲದೆ ಮತ್ತೇನು? ಲೇತಿನ ಮುಂದೆ ನಿಂತು ಬುಷ್ ಕಡೆಯುವವನ ಕೈಯಲ್ಲಿ ಪರಿಸರ ವಿವೇಕವೊಂದಿದೆ. ಅದನ್ನು ಯಾವ ಪಠ್ಯಪುಸ್ತಕವೂ ಗುರುತಿಸಿಲ್ಲ.

ಆದರೆ ಸರ್ಕಾರದ ದೃಷ್ಟಿ ಬೇರೆ. 2021ರ ಆಗಸ್ಟ್‌ನಲ್ಲಿ ಗುಜರಿ ನೀತಿ ಘೋಷಣೆಯಾಯಿತು. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದರೆ 10,000 ಎಂದು 2025ರಲ್ಲಿ ಮತ್ತೆ ಏರಿಸಲಾಯಿತು. ಇನ್ನೊಂದೆಡೆ, 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ವಾಹನಕ್ಕೆ 2021ರ ನಿಯಮಗಳು 'ವಿಂಟೇಜ್' ಎಂಬ ಗೌರವ ನೀಡಿದವು. ಷರತ್ತೆಂದರೆ, ಅದು ನಿತ್ಯದ ಕೆಲಸಕ್ಕೆ ರಸ್ತೆಗಿಳಿಯಬಾರದು, ಪ್ರದರ್ಶನಕ್ಕೋ ರ‍್ಯಾಲಿಗೋ ಹೋಗಬಹುದು. ಅಂದರೆ ದುಡಿಯುವ ಮುದುಕನಿಗೆ ದಂಡ, ಕುಳಿತ ಮುದುಕನಿಗೆ ಸನ್ಮಾನ!

ಹಾಗೆಂದು ಹಳೆಯದೆಲ್ಲವೂ ಪವಿತ್ರವೆಂದು ವಾದಿಸುವುದು ಆತ್ಮವಂಚನೆ. ಹಳೆಯ ಡೀಸೆಲ್ ಇಂಜಿನಿನ ಹೊಗೆ ವಿಷವೇ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಎಂ.ಎಂ. 540 ಜೀಪಿನ 2,112 ಸಿ.ಸಿ. ಪೂಜೋ ಇಂಜಿನು ಎಷ್ಟೇ ಗಟ್ಟಿಯಾಗಿದ್ದರೂ ಇಂದಿನ ಬಿ.ಎಸ್. 6 ವಾಹನದಂತೆ ಮಸಿಯನ್ನು ಸೋಸಲಾರದು. ಇಂಜೆಕ್ಟರು ಪರೀಕ್ಷಿಸದೆ, ಪಂಪು ಸರಿಪಡಿಸದೆ, ಕೇವಲ ಬಣ್ಣ ಬಳಿದು ನಿಲ್ಲಿಸಿದರೆ ಅದು ಪುನರುಜ್ಜೀವನವಲ್ಲ, ಶವಾಲಂಕಾರ.

ಲೆಕ್ಕವನ್ನೂ ಮಾಡಿ ನೋಡಬೇಕು. ಹಳೆಯ ಜೀಪು ಲೀಟರಿಗೆ 10 ಕಿಲೋಮೀಟರ್, ಹೊಸದು 15 ಓಡುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 3,000 ಕಿಲೋಮೀಟರ್ ಓಡುವ ರೈತನಿಗೆ ಹೊಸ ವಾಹನದಿಂದ ಉಳಿಯುವುದು 100 ಲೀಟರ್ ಡೀಸೆಲ್, ಅಂದರೆ ಸುಮಾರು 268 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು. ಭಾರತದಲ್ಲಿ ಒಂದು ಟನ್ ಉಕ್ಕು ತಯಾರಿಸಲು ಹೊರಬೀಳುವುದು ಸುಮಾರು 2.5 ಟನ್. ಆ ಒಂದು ಟನ್ ಉಕ್ಕಿನ ಸಾಲ ತೀರಲೇ ಒಂಬತ್ತು ವರ್ಷ ಬೇಕು. ಅದೇ ಜೀಪು ಪ್ರವಾಸಿಗರನ್ನು ಹೊತ್ತು ವರ್ಷಕ್ಕೆ 30,000 ಕಿಲೋಮೀಟರ್ ಓಡಿದರೆ ಆ ಸಾಲ ಒಂದೇ ವರ್ಷದಲ್ಲಿ ತೀರುತ್ತದೆ. ಅಲ್ಲಿ ಹಳೆಯ ಇಂಜಿನನ್ನು ಸಮರ್ಥಿಸಲಾಗದು. ಹೀಗಾಗಿ ಕೇಳಬೇಕಾದ ಪ್ರಶ್ನೆ ವಾಹನದ ವಯಸ್ಸಲ್ಲ; ಅದು ಎಷ್ಟು ಓಡುತ್ತದೆ, ಯಾವ ಕೆಲಸಕ್ಕೆ, ಯಾವ ನೆಲದ ಮೇಲೆ ಎಂಬುದು.

ಈ ಮೂರನೆಯ ಪ್ರಶ್ನೆಯಲ್ಲಿಯೇ ಅಗ್ಗದ ಮೋಟಾರು ಕ್ರೀಡೆ ಸೋಲುತ್ತದೆ. ಶೋಲಾ ಕಾಡಿನ ಅಂಚಿನ ಹುಲ್ಲುಗಾವಲು ಬರಿದಾದ ಮೈದಾನವಲ್ಲ. ಮಳೆಯನ್ನು ಹೀರಿ, ಬೇಸಿಗೆಯಲ್ಲಿ ಹನಿಹನಿಯಾಗಿ ಹಳ್ಳಕ್ಕೆ ಬಿಡುವ ಹಾಸು ಅದು. ಒದ್ದೆ ಇಳಿಜಾರಿನಲ್ಲಿ ಚಕ್ರ ತಿರುಗಿ ಬಿದ್ದ ಗೀರು ಮೊದಲ ವರ್ಷ ಗೀರಾಗಿಯೇ ಇರುತ್ತದೆ. ಮರುವರ್ಷದ ಮಳೆಗೆ ಕಾಲುವೆ, ಅದರ ಮರುವರ್ಷ ಕೊರಕಲು. ಕೆಳಗಿನ ಗದ್ದೆಯವನು ತನ್ನ ತೊರೆ ಏಕೆ ಕೆಂಪಾಯಿತೆಂದು ಅರಿಯದೆ ಹೋಗುತ್ತಾನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದುದನ್ನು ಕಂಡವರಿಗಾದರೂ, ಇಳಿಜಾರಿನ ಮಣ್ಣನ್ನು ಸಡಿಲಿಸುವುದು ಆಟವಾಗಿ ತೋರಬಾರದಿತ್ತು. ವನ್ಯಜೀವಿ ಸಂರಕ್ಷಣಾ ಕಾಯಿದೆ, 1972, ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದನ್ನೂ ಆವಾಸಕ್ಕೆ ಹಾನಿ ಮಾಡುವುದನ್ನೂ ನೀರಿನ ಹರಿವನ್ನು ತಿರುಗಿಸುವುದನ್ನೂ ನಿಷೇಧಿಸಿದೆ. ಮೂಕಾಂಬಿಕಾ ಅಭಯಾರಣ್ಯದ ಕೊಡಚಾದ್ರಿಗೆ ವರ್ಷಗಳಿಂದ ಜೀಪುಗಳೇ ಪ್ರವಾಸಿಗರನ್ನು ಹೊತ್ತಿವೆ. ಅವುಗಳನ್ನು ನಂಬಿ ಬದುಕುವ ಚಾಲಕರಿಗೂ ದಾರಿ ಕೆಟ್ಟರೆ ಅನ್ನ ಕೆಡುತ್ತದೆ. ಅವರೂ ಈ ಹೋರಾಟದ ಎದುರಾಳಿಗಳಲ್ಲ.

ಯುವಕರ ಉತ್ಸಾಹವನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಕೆಟ್ಟ ಇಂಜಿನನ್ನು ಕೈಯಾರೆ ಬಿಚ್ಚಿ ಜೋಡಿಸುವ ವಿದ್ಯಾರ್ಥಿ, ಕಂತಿನಲ್ಲಿ ಹೊಸ ಕಾರು ಕೊಳ್ಳುವವನಿಗಿಂತ ಹೆಚ್ಚು ಕಲಿಯುತ್ತಾನೆ. ವೇಗದ ಹಂಬಲವಿದ್ದರೆ ಸಮತಟ್ಟಾದ ಬಯಲಿನಲ್ಲಿ ಕೋನುಗಳನ್ನಿಟ್ಟು ಆಡುವ ಆಟೋಕ್ರಾಸ್ ಇದೆ. ತಾಳ್ಮೆಯ ಹಂಬಲವಿದ್ದರೆ ರಸ್ತೆಯ ಮೇಲೆಯೇ ನಿಗದಿತ ವೇಗ ಮತ್ತು ಸಮಯಕ್ಕೆ ಸಾಗುವ ರ‍್ಯಾಲಿಯಿದೆ. ಇವೆರಡಕ್ಕೂ ಹಳೆಯ ಅಗ್ಗದ ವಾಹನ ಸಾಕು, ಬೆಟ್ಟದ ನೆತ್ತಿ ಬೇಕಿಲ್ಲ.

ಸರ್ಕಾರ ವಯಸ್ಸಿಗೆ ಶುಲ್ಕ ವಿಧಿಸುವುದನ್ನು ಬಿಟ್ಟು ಹೊಗೆಯನ್ನೂ ಓಟವನ್ನೂ ಅಳೆಯಲಿ. ಹಳ್ಳಿಯ ಗ್ಯಾರೇಜಿಗೆ ಇಂಜೆಕ್ಟರ್ ಪರೀಕ್ಷೆಯ ಯಂತ್ರ ಕೊಳ್ಳಲು ನೆರವು ದೊರೆಯಲಿ. ಗ್ರಾಮಸಭೆಗಳು ತಮ್ಮ ಹುಲ್ಲುಗಾವಲು ಮತ್ತು ಹಳ್ಳಗಳ ಪಟ್ಟಿ ಮಾಡಿ, ಅಲ್ಲಿಗೆ ಚಕ್ರ ಹತ್ತಬಾರದೆಂದು ನಿರ್ಣಯ ಬರೆಯಲಿ. ಹಳೆಯ ಜೀಪು ಬದುಕಲಿ, ಆದರೆ ಅದನ್ನು ಹೊತ್ತು ನಿಂತ ಬೆಟ್ಟ ಅದಕ್ಕಿಂತ ಮೊದಲು ಬದುಕಲಿ.