ಪುಟ್ಟಿ ಎಷ್ಟು ಎತ್ತರ?

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಹಳೆಯ ಗ್ರಾಹಕರ ಖಾತೆ ನಂಬರುಗಳು ಇಂದಿಗೂ ನನಗೆ ಬಾಯಿಪಾಠ. ಆದರೆ ಕಳೆದ ನವೆಂಬರಿನಲ್ಲಿ ಅಂಗಡಿಯ ಹುಡುಗಿಯೊಬ್ಬಳು ಒಂದು ಸಂಖ್ಯೆ ಕೇಳಿದಳು ನೋಡಿ, ಬಾಯಿ ಕಟ್ಟಿಹೋಯಿತು.

ಗೆಳೆಯರ ಜೊತೆ ಯೂರೋಪ್ ಪ್ರವಾಸಕ್ಕೆ ಹೋಗಿದ್ದೆ. ಮಂಡಿನೋವಿನಿಂದಾಗಿ ನನ್ನಾಕೆ ಬಂದಿರಲಿಲ್ಲ. ಕೊನೆಯ ಊರು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ. ಮೊಮ್ಮಗಳು ಪುಟ್ಟಿಗೆ ಸ್ವೆಟರ್, ಮೊಮ್ಮಗನಿಗೆ ಏನಾದರೊಂದು ಉಡುಗೊರೆ ತರುತ್ತೇನೆಂದು ಮಾತು ಕೊಟ್ಟಿದ್ದೆ. ಭಾನುವಾರ ಸಂಜೆ ವಿಮಾನ. ಬೆಳಿಗ್ಗೆ ಕೊಂಡರಾಯಿತು ಎಂದು ನಿಶ್ಚಿಂತೆಯಾಗಿದ್ದೆ. ಶನಿವಾರ ಮಧ್ಯಾಹ್ನ ಗೈಡ್ ಎಚ್ಚರಿಸಿದರು: "ಇಲ್ಲಿ ಬಟ್ಟೆ ಅಂಗಡಿಗಳು ಇವತ್ತು ಸಂಜೆ 6 ಗಂಟೆಗೆ ಮುಚ್ಚಿದರೆ ತೆರೆಯುವುದು ಸೋಮವಾರವೇ. ಕಾನೂನೇ ಹಾಗಿದೆ." ಸರಿ ತಾನೆ? ಅಂಗಡಿಯಲ್ಲಿ ದುಡಿಯುವವರಿಗೂ ಮನೆ, ಮಕ್ಕಳು ಇರುತ್ತಾರಲ್ಲ!

ಲಗುಬಗೆಯಿಂದ ಕೆರ್ಂಟ್ನರ್ ಬೀದಿಗೆ ಹೊರಟೆ. ಊರಿನ ನಟ್ಟನಡುವೆ, ಒಪೆರಾ ಭವನದಿಂದ ಸೇಂಟ್ ಸ್ಟೀಫನ್ ಚರ್ಚಿನ ಕಡೆಗೆ ಹೋಗುವ ಬೀದಿ ಅದು. ನಡೆಯುವವರದ್ದೇ ರಾಜ್ಯ. ಚರ್ಚಿನ ಗೋಪುರ 136 ಮೀಟರ್ ಎತ್ತರ. ನೋಡುತ್ತಾ ನನ್ನ ಕುತ್ತಿಗೆ ಉಳುಕಿತು. ಪಕ್ಕದ ಬೀದಿಯ ಹೆಸರು ಗ್ರಾಬೆನ್, ಅಂದರೆ ಕಂದಕ. ರೋಮನ್ನರ ದಂಡಿನ ಕೋಟೆಯ ಸುತ್ತ ತೋಡಿದ್ದ ಕಂದಕವನ್ನು ಮುಚ್ಚಿದ ಜಾಗವಂತೆ. ಈಗ ಅಲ್ಲಿ ಸಾಲುಸಾಲು ಅಂಗಡಿ!

ಒಂದು ಅಂಗಡಿಯಲ್ಲಿ ಕೆಂಪು ಉಣ್ಣೆಯ ಸ್ವೆಟರ್ ಕಣ್ಣಿಗೆ ಬಿತ್ತು. ಕಾಲರಿನ ಚೀಟಿ ನೋಡಿದೆ: 128. ಎದೆ ಧಸಕ್ಕೆಂದಿತು. ಒಂದು ಯೂರೋಗೆ ಸುಮಾರು 90 ರೂಪಾಯಿಯ ಲೆಕ್ಕದಲ್ಲಿ 11,520 ರೂಪಾಯಿ! ಮೆಲ್ಲಗೆ ಅದನ್ನು ಇದ್ದಲ್ಲೇ ಇಟ್ಟೆ. ಅಂಗಡಿಯ ಹುಡುಗಿ ನಕ್ಕು ಇಂಗ್ಲಿಷಿನಲ್ಲಿ ಹೇಳಿದಳು, "ಅದು ಬೆಲೆಯಲ್ಲ, ಮಗುವಿನ ಎತ್ತರ. ಸೆಂಟಿಮೀಟರಿನಲ್ಲಿ." ಅಲ್ಲಿ ಮಕ್ಕಳ ಬಟ್ಟೆಗೆ ಎತ್ತರವೇ ಅಳತೆ: 122, 128, 134 ಹೀಗೆ ಆರಾರು ಸೆಂಟಿಮೀಟರಿನ ಮೆಟ್ಟಿಲು. ಬೆಲೆ ಬೇರೆ ಚೀಟಿಯಲ್ಲಿತ್ತು: 29 ಯೂರೋ 90 ಸೆಂಟ್.

"ನಿಮ್ಮ ಮೊಮ್ಮಗಳು ಎಷ್ಟು ಎತ್ತರ?"

ನನ್ನ ಎದೆಗಿಂತ ಕೆಳಗೆ ಕೈ ಹಿಡಿದು, "ಇಷ್ಟು" ಎಂದೆ. ಆಕೆ ಸಂಖ್ಯೆಗಾಗಿ ಕಾದಳು. ನನ್ನಲ್ಲಿ ಸಂಖ್ಯೆ ಇರಲಿಲ್ಲ. ದಿನಾ ನನ್ನ ಪಕ್ಕದಲ್ಲೇ ಕೂತು ಊಟ ಮಾಡುವ ಮಗು! ನಾಚಿಕೆಯಾಯಿತು.

ಗಂಟೆ 5 ಹೊಡೆದು 10 ನಿಮಿಷವಾಗಿತ್ತು. ಹಾಸನದಲ್ಲಿ ರಾತ್ರಿ 9.40. ಮನೆಗೆ ಫೋನ್ ಮಾಡಿದೆ.

"ಪುಟ್ಟಿ ಮಲಗಿದಾಳೆ ರೀ, ಎಬ್ಬಿಸಲಾ?"

"ಬೇಡ ಕಣೇ. ಹಾಗೇ ಅಳೆದು ನೋಡು."

ಹೊಲಿಗೆ ಯಂತ್ರದ ಡ್ರಾಯರ್ ಎಳೆದ ಸದ್ದು ಕೇಳಿಸಿತು. ಮುದುರಿಕೊಂಡು ಮಲಗಿದ್ದ ಮಗುವಿನ ಕಾಲನ್ನು ಮೆಲ್ಲಗೆ ನೀಡಿ, ಹಿಮ್ಮಡಿಯಿಂದ ನೆತ್ತಿಯವರೆಗೆ ಟೇಪು ಹಿಡಿದಳಂತೆ. ನಾನು ಪರದೇಶದ ಅಂಗಡಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ.

"130! ಯುಗಾದಿಯ ಲಂಗ ಗಿಡ್ಡವಾಗಿದೆ ಅಂತ ನಾನು ಹೇಳಿದಾಗ ನೀವು ಪೇಪರ್ ಓದ್ತಾ ಇದ್ರಿ. ಬೆಳೆಯೋ ಮಗು, ಒಂದು ಅಳತೆ ದೊಡ್ಡದೇ ತನ್ನಿ."

134 ಕೊಂಡೆ. ಹತ್ತರ ಮೂರು ನೋಟು ಕೊಟ್ಟಾಗ 10 ಸೆಂಟಿನ ನಾಣ್ಯ ವಾಪಸು ಬಂತು. ತಿರುಗಿಸಿದರೆ ನಾನು ಆಗಷ್ಟೇ ಕತ್ತೆತ್ತಿ ನೋಡಿದ್ದ ಸ್ಟೀಫನ್ ಚರ್ಚು! ಜೇಬು ತಡಕಿದೆ. 1 ಯೂರೋ ಮೇಲೆ ಸಂಗೀತಗಾರ ಮೊಜಾರ್ಟ್. ಚಿಲ್ಲರೆ ಸೆಂಟುಗಳ ಮೇಲೆ ಬೆಟ್ಟದ ಹೂಗಳು. ಯೂರೋ ನಾಣ್ಯದ ಒಂದು ಮುಖ ಎಲ್ಲ ದೇಶಗಳಿಗೂ ಒಂದೇ, ಇನ್ನೊಂದು ಮುಖ ಆಯಾ ದೇಶದ್ದು. ಮೊಮ್ಮಗನ ಉಡುಗೊರೆ ಜೇಬಿನಲ್ಲೇ ಇತ್ತು.

ಸ್ವೆಟರಿನ ತೋಳು ಈಗ ಪುಟ್ಟಿಯ ಬೆರಳನ್ನೂ ಮುಚ್ಚುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು 130 ಎಂದು ಬರೆದಿದ್ದೇವೆ. ಪ್ರತಿ ತಿಂಗಳು ಒಂದನೇ ತಾರೀಖು ಅಳೆಯುವ ಕೆಲಸ ನನ್ನದು.

ಅಜ್ಜಂದಿರೇ, ನಿಮ್ಮ ಮೊಮ್ಮಕ್ಕಳು ಎಷ್ಟು ಎತ್ತರ? ಮಕ್ಕಳೇ, ಇವತ್ತೇ ಕೇಳಿ ನೋಡಿ. ಗೊತ್ತಿಲ್ಲವೆಂದರೆ ಕೈಗೆ ಟೇಪು ಕೊಟ್ಟು, ಗೋಡೆಗೆ ಒರಗಿ ನೆಟ್ಟಗೆ ನಿಂತುಕೊಳ್ಳಿ.