ಅಡುಗೆಮನೆ ಲೆಕ್ಕ 7: ಒಂದು ಕಪ್ ಸೊಪ್ಪು ಅಂದ್ರೆ ಎಷ್ಟು?

ಪುದೀನ ರೈಸ್‌ಗೆ ‘ಒಂದು ಕಪ್ ಪುದೀನ’ ಅಂತ ಓದಿ, ಒತ್ತಿ ಒತ್ತಿ ತುಂಬಿ ಹಾಕಿದೆ. ಕಹಿ! ರೂಮಲ್ಲಿ ಯಾರೂ ಎರಡನೇ ತುತ್ತು ತಿನ್ನಲಿಲ್ಲ.

ತಪ್ಪು ನಂದಲ್ಲ, ಆ ಕಪ್‌ದು ಅಂತೀನಿ. 240 ಎಂಎಲ್ ಕಪ್ಪಲ್ಲಿ ನೀರು ಯಾವಾಗ್ಲೂ ಸುಮಾರು 240 ಗ್ರಾಂ. ಸೊಪ್ಪು ಹಾಗಲ್ಲ, ಎಲೆಗಳ ನಡುವೆ ಗಾಳಿಯೇ ಜಾಸ್ತಿ. ಕೊತ್ತಂಬರಿ ಎಲೆ ಸಡಿಲವಾಗಿ ಹಾಕಿದರೆ ಕಪ್ಪಿಗೆ ಸುಮಾರು 16 ಗ್ರಾಂ. ಒತ್ತಿದರೆ ಅದೇ ಕಪ್ ಅದರ ಎರಡರಷ್ಟು ಹಿಡಿಯಬಹುದು. ಸಣ್ಣಗೆ ಹೆಚ್ಚಿದರೆ ಇನ್ನೊಂದು ಲೆಕ್ಕ, ದಂಟು ಸೇರಿದರೆ ಮತ್ತೊಂದು.

ಅದಕ್ಕೇ ಹೇಳೋದು: ರೆಸಿಪಿ ಹಾಕುವವರು ಸೊಪ್ಪು ಬಿಡಿಸಿದ ಮೇಲೆ ತೂಗಿ, ಗ್ರಾಂನಲ್ಲೇ ಬರೀರಿ.

‘ನಮ್ಮಮ್ಮ ಯಾವತ್ತು ತೂಗಿದ್ಲು?’ ಅಂತೀರಾ. ಅವಳ ಅಳತೆ ‘ಒಂದು ಹಿಡಿ’. ಆ ಕೈ ದಿನಾ ಅದೇ, ಹಾಗಾಗಿ ರುಚಿಯೂ ಅದೇ. ಆದ್ರೆ ಆ ಕೈ ನಮ್ಮ ಜೊತೆ ರೂಮಿಗೆ ಬರಲ್ಲ. ಈ ಸಲ ಊರಿಗೆ ಹೋದಾಗ ಅಮ್ಮನ ಒಂದು ಹಿಡಿ ಸೊಪ್ಪನ್ನ ತೂಗಿ, ಬರೆದಿಟ್ಕೊಳ್ಳಿ.

ನಿಮ್ಮ ಮನೆಯ ಹಿಡಿ ಎಷ್ಟು ಗ್ರಾಂ? ತೂಗಿ ಬಂದು ಹೇಳಿ.