ಹಳೆಯ ಹಾಡು ಅಂದರೆ ಅದೇ ಐವತ್ತು ಹಾಡಾ?

ನಮ್ಮ ಕಡೆಯ ಒಂದು ಸಮುದಾಯ ರೇಡಿಯೊದಲ್ಲಿ ದಿನಾ ಸಂಜೆ ಹಳೆಯ ಹಾಡುಗಳ ಕಾರ್ಯಕ್ರಮ ಬರುತ್ತದೆ. ಒಂದು ವಾರ ಪೆನ್ನು ಹಿಡಿದು ಕೂತು ಬರೆದುಕೊಂಡೆ. ಏಳು ದಿನದಲ್ಲಿ ಒಂದೇ ಹಾಡು ನಾಲ್ಕು ಸಲ ಬಂತು. ಬರೆದವರು ಯಾರು, ಸಂಗೀತ ಯಾರದು, ಯಾವ ವರ್ಷದ ಸಿನಿಮಾ ಅಂತ ಒಂದು ಸಲವೂ ಹೇಳಲಿಲ್ಲ. ಕೇಳಿದ್ದಕ್ಕೆ ಸಿಕ್ಕ ಉತ್ತರ: "ಪೆನ್‌ಡ್ರೈವ್‌ನಲ್ಲಿ ಇರೋದೇ ಅಷ್ಟು ಸರ್."

ಹಾಗಾದರೆ ರೇಡಿಯೊ ಯಾಕೆ ಬೇಕು? ಅದೇ ಹಾಡು ನಿಮ್ಮ ಫೋನಿನಲ್ಲೇ ಇದೆ.

ಈ ರೇಡಿಯೊ ನಮಗೆ ಸುಮ್ಮನೆ ಸಿಕ್ಕಿದ್ದಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಶುರುವಾದಾಗ ಹಳ್ಳಿಯವರಿಗೆ ಪರವಾನಗಿ ಕೊಡುವ ಕಾನೂನೇ ಇರಲಿಲ್ಲ. ಅವರು ಕೇಬಲ್ ಎಳೆದು ಮನೆಮನೆಗೆ ತಮ್ಮ ದನಿ ಮುಟ್ಟಿಸಿದರು. ಸಂಘಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರನ್ನು ಸೇರಿಸಿಕೊಂಡೇ ತಯಾರಾಗಬೇಕು ಅಂತ ಆ ನೀತಿಯೇ ಹೇಳಿತು. ಹಾಡಿನ ಹೊತ್ತು ಬಂದಾಗ ಮಾತ್ರ ಆ ಮಾತು ಮರೆತುಹೋಗುತ್ತದೆ.

"ಜನ ಕೇಳೋದೇ ಇದನ್ನ" ಅಂತಾರೆ. ಯಾವ ಜನ? ದಿನಾ ಫೋನ್ ಮಾಡುವ ಅದೇ ಹತ್ತು ಮಂದಿ. ಟವರಿನಿಂದ ಹತ್ತು ಹದಿನೈದು ಕಿಲೋಮೀಟರ್ ಅಷ್ಟೇ ದನಿ ಹೋಗುವುದು. ಅಷ್ಟರೊಳಗೆ ತಾಂಡಾ ಇದೆ, ಉರ್ದು ಮಾತಾಡುವ ಓಣಿ ಇದೆ, ಸೋಬಾನೆ ಬಲ್ಲ ಮುದುಕಿಯರಿದ್ದಾರೆ, ಬಯಲಾಟದ ಭಾಗವತರಿದ್ದಾರೆ. ಇವರ ಹಾಡು ಹಳೆಯದಲ್ಲವೇ? ಬೀಸುವ ಕಲ್ಲಿನ ಪದಕ್ಕಿಂತ ಹಳೆಯದು ಯಾವ ಸಿನಿಮಾ ಹಾಡಿದೆ?

ಸಿನಿಮಾ ಹಾಡು ಬೇಡ ಅಂತ ನಾನು ಹೇಳುತ್ತಿಲ್ಲ. ಅದರಲ್ಲೂ ಹುಡುಕಿ ಅನ್ನುತ್ತೇನೆ. 1966ರ 'ಸಂಧ್ಯಾರಾಗ'ಕ್ಕೆ ಭೀಮಸೇನ ಜೋಶಿ ಹಾಡಿದ್ದಾರೆ. 'ಕಾಡು ಕುದುರೆ'ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇಂಥದ್ದೊಂದು ಮಾತು ಹಾಡಿಗೆ ಮೊದಲು ಹೇಳಿದರೆ ಕೇಳುವವನ ಕಿವಿ ನೆಟ್ಟಗಾಗುತ್ತದೆ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ ಹಾಡಿದ ಭಾವಗೀತೆಗಳು ಎಲ್ಲಿ ಹೋದವು?

ದೊಡ್ಡ ದುಡ್ಡು ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಹಾಕಿದ ಹಾಡು, ತಾರೀಕು ಬರೆದಿಡಿ. ಹದಿನೈದು ದಿನ ಅದೇ ಹಾಡು ಮತ್ತೆ ಬೇಡ. ಹನ್ನೆರಡು ಹಾಡಿನಲ್ಲಿ ಆರು ಸಿನಿಮಾದ್ದು, ಮೂರು ಭಾವಗೀತೆ ಅಥವಾ ರಂಗಗೀತೆ, ಮೂರು ನಮ್ಮೂರಿನವರೇ ಹಾಡಿದ್ದು ಇರಲಿ. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಬೇರೆ, ರಾತ್ರಿ ಊಟದ ಹೊತ್ತಿಗೆ ಬೇರೆ. ಹಾಡಿದವರ ಒಪ್ಪಿಗೆ ಕೇಳಿ, ಹೆಸರು ಹೇಳಿ, ಕೈಲಾದಷ್ಟು ಗೌರವಧನ ಕೊಡಿ. ಸಿನಿಮಾ ಹಾಡಿಗೂ ಹಕ್ಕುದಾರರಿದ್ದಾರೆ. ಯೂಟ್ಯೂಬಿನಿಂದ ಇಳಿಸಿಕೊಂಡ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ.

ಸಿನಿಮಾ ಹಾಡನ್ನು ಯಾರಾದರೂ ಎಲ್ಲಾದರೂ ಕಾಪಾಡುತ್ತಾರೆ. ಅಜ್ಜಿಯ ಪದ ಅಜ್ಜಿಯ ಜೊತೆಗೇ ಹೋಗುತ್ತದೆ. ಈ ವಾರ ನಿಮ್ಮ ರೇಡಿಯೊಗೆ ಫೋನ್ ಮಾಡಿದಾಗ ಹಾಡು ಕೇಳಬೇಡಿ. "ನಮ್ಮ ಓಣಿಗೆ ರೆಕಾರ್ಡರ್ ಹಿಡಿದು ಯಾವತ್ತು ಬರ್ತೀರಿ?" ಅಂತ ಕೇಳಿ.